ಎರಡು ಗಂಟಿಗೆ ತಗೊಂಡ್ ಬರ್ರಿ

ಮುಂಜಾನಿ ಆರಕ್ಕ ಒಂದೇ ಕೀಲಿಗೆ ಏಳ್ತದ,
ತೊಗರಿ ಒಡಿಯೋ ಬೀಸೋಕಲ್ಲಿನಂಗ ಒಂದೇ ದನಿ.
ಹನ್ನೊಂದಾದ ಮ್ಯಾಲ ನೋಡ್ಬೇಕು ಇದರ ಥರ:
ಸಿಗ್ನಲ್ಲಿಗೆ ನಿಂತ್ರ ನಡುಗ್ತದ,
ಕನ್ನಡಿಯೊಳಗ ಹಿಂದಿನ ಒಂದು ಆಟೋ ಮೂರಾಗಿ ಕಾಣ್ತದ,
ಆಮ್ಯಾಗ ಒಂದು ಬಿಕ್ಕು, ಬಂದ್.
ಅರ್ಧ ತಾಸು ಯಾರಪ್ಪನ ಮಾತೂ ಕೇಳಂಗಿಲ್ಲ.

ತೊಂಬತ್ನಾಕರ ಮಾರುತಿ.
ನೆತ್ತಿ ಮ್ಯಾಲ ಕೆಂಪು ‘ಎಲ್’, ಬಾಗಿಲ ಮ್ಯಾಲ ನನ್ನ ಹೆಸರು:
ಮಹಾನಂದಾ ಡ್ರೈವಿಂಗ್ ಸ್ಕೂಲ್, ಹೆಣ್ಮಕ್ಕಳಿಗೆ ಮಾತ್ರ.

ಸೂಪರ್ ಮಾರ್ಕೆಟಿನಾಂವ ಪ್ಲಗ್ ಬದಲಿ ಮಾಡ್ದ.
ಆಳಂದ ನಾಕಾದಾಂವ ಹೊಸಾ ಕಾಯಿಲ್ ಕುಂದ್ರಿಸ್ದ,
ಹಳೇದು ತಾನೇ ಇಟ್ಕೊಂಡ.
ಇನ್ನೊಬ್ಬಾಂವ, ಪೈಪಿನಾಗ ಪೆಟ್ರೋಲು ಆವಿ ಆಗ್ಲತ್ತಾದ,
ಪಂಪಿಗೆ ಹಸಿ ಬಟ್ಟಿ ಸುತ್ರಿ ಅಂದ.
ಒಂದು ಬ್ಯಾಸಿಗಿ ಪೂರ್ತಿ ಸುತ್ತೀನಿ
ಜ್ವರದ ಕೂಸಿನ ಹಣಿಗೆ ಪಟ್ಟಿ ಹಾಕಿದಂಗ,
ಬಾಟ್ಲಿ ನೀರು ನಾ ಕುಡೀದೇ ಅದಕ್ಕ ಕುಡಿಸಿ.
ಬಟ್ಟಿ ಹಪ್ಪಳ ಆತು.
ಬಿಕ್ಕು ಹೋಗ್ಲಿಲ್ಲ.

ಜಯಶೀಲ ಮಿಸ್ತ್ರಿ ಬೀದರದಾಂವ,
ಎಂಎಸ್‌ಕೆ ಮಿಲ್ಲಿನ ಕಡಿ ನಾಕು ತಗಡಿನ ನೆರಳು ಅವಂದು.
ಬಾನೆಟ್ ಎತ್ತಲಿಲ್ಲ. ಕೇಳ್ದ: ಯಾವಾಗ ನೋಯ್ತದ?
ಬಿಸಲಾಗ, ಅಂದೆ.
ಮತ್ತ ತಂಪಿನಾಗ ಯಾಕ ತಂದೀರಿ?
ಎರಡು ಗಂಟಿಗೆ ತಗೊಂಡ್ ಬರ್ರಿ,
ರಿಂಗ್ ರೋಡಿನಾಗ ಒಂದು ಸುತ್ತು ಹಾಕಿ.

ಎರಡು ಗಂಟಿ. ನಾಯಿ ಲಾರಿ ಕೆಳಗ,
ಫರಸಿ ಮ್ಯಾಲ ಬರಿಗಾಲಿಡೋ ಹಂಗಿಲ್ಲ.
ಮಿಸ್ತ್ರಿ ಒಂದು ಮಾರು ರಬ್ಬರ್ ನಳಿಗಿ ಕಿವ್ಯಾಗ ಇಟ್ಕೊಂಡ,
ಇನ್ನೊಂದು ತುದಿ ಕಾರ್ಬ್ಯುರೇಟರ್ ಸುತ್ತ ಮೆಲ್ಲಕ ಆಡಿಸ್ದ,
ಕಣ್ಣು ಮುಚ್ಚಿ.
ಒಂದು ಕಡಿ ನಿಂತ.
ಬೆರಳು ಒತ್ತಿದ: ಇಂಜಿನ್ ನಡುಕ ನಿಂತು.
ಎತ್ತಿದ: ಮತ್ತ ಸುರು.
ಇಡ್ರಿ ನೋಡೋಣು, ನಿಮ್ಮ ಬೆರಳು.
ಸುಡ್ತು. ಆದ್ರ ಅದರ ಕೆಳಗ ಏನೋ
ನನ್ನ ಚರ್ಮ ಒಳಗ ಎಳ್ಕೊಳ್ಲತ್ತಿತ್ತು,
ಮೊಲಿ ಹುಡುಕೋ ಬಾಯಿಯಂಗ.

ಗೇಣುದ್ದ ಇಲ್ಲ ಆ ನಳಿಗಿ. ಬಗ್ಗಿದಲ್ಲೇ ಸಣ್ಣ ಸೀಳು.
ತಂಪಿದ್ದಾಗ ಬಾಯಿ ಮುಚ್ಕೋತದ್ರಿ, ಅಂದ,
ಮ್ಯಾಲ ನೀವು ಚೋಕ್ ಎಳೀತೀರಿ,
ಹೊಟ್ಟಿ ತುಂಬ ಕುಡದು ಸುಳ್ಳು ಹೇಳ್ತದ.
ಕಾದಾಗ ಬಾಯಿ ಬಿಡ್ತದ. ಕಳ್ಳ ಗಾಳಿ ಜಗ್ತದ.

ನಲವತ್ತು ರೂಪಾಯಿ.

ನಗಬೇಕಂದೆ. ಗುರುಬಾಯಿ ನೆನಪಾದ್ಲು.
ಅಂಗನವಾಡಿ ಟೀಚರ್, ಮಕ್ಕಳಿಗೆ ಉಣಿಸಿ ಕಳಿಸಿ
ಮಟಮಟ ಮಧ್ಯಾಹ್ನ ಬರಾಕಿ.
ಸೇಡಂ ರೋಡಿನಾಗ ಒಂದೇ ದಿನ ನಾಕು ಸಲ ಬಂದ್,
ಹಿಂದ ಸಿಮೆಂಟ್ ಲಾರಿ ಹಾರ್ನು,
ಬಾಜೂಕ ನನ್ನ ಹಾರ್ನು:
ಕ್ಲಚ್ ಬಿಡಬ್ಯಾಡಂತ ಎಷ್ಟು ಸಲ ಹೇಳ್ಲಿ,
ಕಾಲಾಗ ಜೀವ ಇಲ್ಲೇನು?
ಸೆರಗಿಲೆ ಮೂಗು ಒರಸ್ಕೊಂಡು,
ನಂಗ ಇದು ಬರಂಗಿಲ್ಲ ಬಿಡ್ರಿ ಮೇಡಂ, ಅಂತ
ಅಲ್ಲೇ ಇಳದು ಹೋದ್ಲು.
ಚಪ್ಪಲ್ ಕಾರಿನಾಗೇ ಉಳದಿದ್ವು.

ಮುಂಜಾನಿ ಬ್ಯಾಚಿನಾಕಿಗೋಳು ಶಾಣ್ಯಾರು,
ಮಧ್ಯಾಹ್ನದಾಕಿಗೋಳು ದಡ್ಡರು:
ಹನ್ನೊಂದು ವರ್ಷ ಹಿಂಗೇ ತಿಳದೀನಿ ನಾ.

ರಿಜಿಸ್ಟರ್ ತಗದೆ. ಹನ್ನೆರಡು ಗಂಟಿ ಪುಟ.
ಅಡ್ಡಗೀಟು ಎಣಸ್ಲಿಲ್ಲ,
ಎಲ್ಲಾ ನನ್ನ ಕೈದೇ, ಕೆಂಪು ಶಾಯಿ.
ಸುಟ್ಟ ಬೆರಳಿಲೇ ಫೋನ್ ಹಚ್ಚಿದೆ.

ಕಾರ್ ಬಂದ್ ಬೀಳ್ತಿತ್ತಲ್ಲ, ಅಂದೆ.
ಹೂಂರಿ, ಅಂದ್ಲು,
ಇನ್ನೂ ತಂದೇ ತಪ್ಪು ಅನ್ನೋ ದನಿಯೊಳಗ.
ಮುಂದಿನ ಮಾತು ನನ್ನ ಗಂಟಲಾಗ ಒಂದು ಸಲ ಬಿಕ್ಕಿತು.

ನಾಳಿ ಬಾ, ಅಂದೆ.
ಮುಂಜಾನಿ ಬ್ಯಾಡ.
ಎರಡು ಗಂಟಿಗೇ ಬಾ.